ಕಿಲ್ಟ್ ಹೊಲಿಯುವ ಮೊದಲು: ಟಾರ್ಟನ್ ಬಟ್ಟೆಯಲ್ಲಿ ನೇಯ್ಗೆ ದೋಷ ಸಿಕ್ಕರೆ ಏನು ಮಾಡೋದು?

ಕೆಂಪುದಾರ

ಎಲ್ಲರಿಗೂ ನಮಸ್ಕಾರ. ಗ್ಲಾಸ್ಗೋದಿಂದ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ಮಗಳ ಮದುವೆ. ಹುಡುಗ ಇಲ್ಲಿಯವನೇ. ಅವನ ಕಿಲ್ಟನ್ನು, ಅಂದರೆ ಇಲ್ಲಿಯ ಗಂಡಸರು ಸೊಂಟಕ್ಕೆ ಉಡುವ ನೆರಿಗೆಯ ಉಡುಪನ್ನು, ನಾನೇ ಕೈಯಲ್ಲಿ ಹೊಲಿದು ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಸಂಜೆ ತರಗತಿಗೆ ಹೋಗಿ ಕಲಿತಿದ್ದೇನೆ, ಹೊಲಿಗೆ ಬಗ್ಗೆ ಹೆದರಿಕೆಯಿಲ್ಲ. ತೊಂದರೆ ಇರುವುದು ಬಟ್ಟೆಯಲ್ಲಿ.

ಬಟ್ಟೆ ಟಾರ್ಟನ್, ಅಂದರೆ ಇಲ್ಲಿಯ ಚೌಕಳಿ ಬಟ್ಟೆ. 16 ಔನ್ಸ್ ತೂಕದ ವರ್ಸ್ಟೆಡ್ (ನಯವಾಗಿ ನೂತ) ಉಣ್ಣೆ. ಡಬಲ್ ಪನ್ನ (ಎರಡರಷ್ಟು ಅಗಲ), 4 ಗಜ. ಕಡು ಹಸಿರು ಮತ್ತು ನೀಲಿ ಚೌಕಳಿ, ನಡುವೆ ತೆಳ್ಳನೆ ಬಿಳಿ ಗೆರೆ. ವಿನ್ಯಾಸದ ಒಂದು ಸುತ್ತು, ಅಂದರೆ ಒಂದು ಸೆಟ್, 15 ಸೆಂ.ಮೀ. ಇದೆ. ಮೇಜಿನ ಮೇಲೆ ಹರಡಿ ನೋಡಿದಾಗ ಸಿಕ್ಕಿದ್ದು ಇಷ್ಟು. ಉದ್ದಕ್ಕೆ ಹೋಗುವ ಒಂದು ಬಿಳಿ ಗೆರೆಯಲ್ಲಿ ಸುಮಾರು ಒಂದು ಗೇಣು ದೂರ ಒಂದು ಎಳೆಯೇ ಇಲ್ಲ. ಇನ್ನೊಂದು ಕಡೆ ಅಡ್ಡಕ್ಕೆ, ಈ ಅಂಚಿನಿಂದ ಆ ಅಂಚಿನವರೆಗೂ, ಒಂದು ದಪ್ಪ ಗೆರೆ ಎದ್ದು ಕಾಣುತ್ತದೆ. ಒಂದು ಗಂಟು ಇದೆ. ಅಂಚಿನಿಂದ ಎರಡು ಬೆರಳು ಒಳಗೆ ಒಂದು ಸಣ್ಣ ತೂತು.

ವಾಪಸ್ ಕಳಿಸಲಾ? ರಫೂ ಮಾಡಲಾ? ನೆರಿಗೆಯೊಳಗೆ ಮುಚ್ಚಿಬಿಡಲಾ? ಬಟ್ಟೆಗೆ ಇನ್ನೂ ಕತ್ತರಿ ಮುಟ್ಟಿಸಿಲ್ಲ.

ಮೈಸೂರುಸೂಜಿ

ಮೇಡಂ, ಪೂರ್ತಿ ದುಡ್ಡು ಕೊಟ್ಟು ತಂದ ಹೊಸ ಬಟ್ಟೆಗೆ ರಫೂ ಯಾಕೆ ಮಾಡಬೇಕು? ವಾಪಸ್ ಕಳಿಸಿ. ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇದೆ. ದೋಷವಿರುವ ಸಾಮಾನನ್ನು 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ನಿಮಗೋಸ್ಕರವೇ ನೇಯಿಸಿದ್ದು ಅಂದರೂ ದೋಷದ ವಿಷಯದಲ್ಲಿ ಆ ಹಕ್ಕು ಹೋಗುವುದಿಲ್ಲ. ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವ ಹಕ್ಕು ಮಾತ್ರ ವಿಶೇಷವಾಗಿ ಮಾಡಿಸಿದ ವಸ್ತುಗಳಿಗೆ ಇಲ್ಲ.

ನೆರಿಗೆಮನೆ

ಕೆಂಪುದಾರ ಅವರೇ, ಕತ್ತರಿ ಮುಟ್ಟಿಸಿಲ್ಲ ಅಂದಿರಲ್ಲ, ಅದೇ ದೊಡ್ಡ ಸಮಾಧಾನ. ಬಟ್ಟೆ ವ್ಯಾಪಾರದಲ್ಲಿ ಎಲ್ಲ ಕಡೆ ಒಂದೇ ಮಾತು: ಕತ್ತರಿಸಿದ ಮೇಲೆ ದೂರು ಕೇಳುವುದಿಲ್ಲ. ಹಾಗಾಗಿ ಹರಿಯುವುದು, ಕತ್ತರಿಸುವುದು, ತೊಳೆಯುವುದು ಎಲ್ಲ ಆಮೇಲೆ. ಇವತ್ತೇ ಪ್ರತಿ ದೋಷದ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಕೊಟ್ಟವರಿಗೆ ಕಳಿಸಿ. ವಾಪಸ್ ಕೊಡುತ್ತೀರೋ ಇಲ್ಲವೋ, ತಿಳಿಸಿಡುವುದು ಮುಖ್ಯ.

ಆದರೆ ವಾಪಸ್ ಕಳಿಸುವುದೇ ಸರಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಇಲ್ಲಿ ಒಂದು ಸಣ್ಣ ಕಿಲ್ಟ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ದೋಷ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಕಿಲ್ಟ್ ಆದ ಮೇಲೆ ಅದು ಎಲ್ಲಿ ಬಂದು ಕೂರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇದನ್ನು ನಮ್ಮವರಿಗೆ ಹೇಳುವುದು ಸುಲಭ. ಸೀರೆ ಉಡುವಾಗ ಬಟ್ಟೆಯ ಉದ್ದ ಮೈ ಸುತ್ತ ಬರುತ್ತದೆ, ಅಂಚು ಪಾದದ ಕಡೆ ಇರುತ್ತದೆ ಅಲ್ವಾ? ಕಿಲ್ಟ್ ಕೂಡ ಹಾಗೇ. ಕೆಳಗೆ ಮಡಚಿ ಹೊಲಿಯುವುದಿಲ್ಲ, ಬಟ್ಟೆಯ ಅಂಚೇ ಕೆಳತುದಿ. ಆದ್ದರಿಂದ ಬಟ್ಟೆಯ ಉದ್ದಕ್ಕಿರುವ ಹಾಸಿನ ಎಳೆಗಳು ಸೊಂಟದ ಸುತ್ತ ಅಡ್ಡಕ್ಕೆ ಓಡುತ್ತವೆ. ಬಟ್ಟೆಯ ಅಗಲಕ್ಕಿರುವ ಹೊಕ್ಕಿನ ಎಳೆಗಳು ಸೊಂಟದಿಂದ ಮಂಡಿಗೆ ನೇರ ಇಳಿಯುತ್ತವೆ.

ಈಗ ನಿಮ್ಮ ದೋಷಗಳನ್ನು ನೋಡಿ. ಅಂಚಿನಿಂದ ಅಂಚಿಗೆ ಇರುವ ದಪ್ಪ ಗೆರೆ ಹೊಕ್ಕಿನದು. ಮೇಜಿನ ಮೇಲೆ ಅದೇ ಜಾಸ್ತಿ ಹೆದರಿಸುತ್ತದೆ. ಕಿಲ್ಟಿನಲ್ಲಿ ಅದು ಮೇಲಿಂದ ಕೆಳಗೆ ಒಂದು ನೇರ ಗೆರೆ, ಅಷ್ಟೇ. ಒಂದೇ ನೆರಿಗೆಯ ಮಡಿಕೆಯೊಳಗೆ ಪೂರ್ತಿ ಅಡಗುತ್ತದೆ. ಬಿಳಿ ಗೆರೆಯಲ್ಲಿ ತಪ್ಪಿಹೋದ ಎಳೆ ಹಾಸಿನದು. ಅದು ಅಡ್ಡಕ್ಕೆ ಓಡುತ್ತದೆ, ನೆರಿಗೆಗಳನ್ನು ದಾಟಿಕೊಂಡು ಹೋಗುತ್ತದೆ. ಒಂದು ಗೇಣು ಅಂದರೆ ನಿಮ್ಮ ಒಂದು ಸೆಟ್‌ಗಿಂತ ಉದ್ದ. ಎಲ್ಲಿ ಇಟ್ಟರೂ ಒಂದಾದರೂ ನೆರಿಗೆಯ ಮೇಲೆ ಅದರ ಚೂರು ಕಾಣುತ್ತದೆ. ನೋಡುವುದಕ್ಕೆ ಚಿಕ್ಕದು, ಆದರೆ ರಫೂ ಬೇಕಾಗಿರುವುದು ಅದಕ್ಕೇ.

ಹಾಸುಹೊಕ್ಕು

ಗುಳೇದಗುಡ್ಡದ ನೇಕಾರರ ಮನೆಯವನು ನಾನು. ಖಣ ನೇಯುವ ಮನೆ. ಟಾರ್ಟನ್ ಬಗ್ಗೆ ಗೊತ್ತಿಲ್ಲ, ಆದರೆ ಮಗ್ಗದ ವಿಷಯ ಒಂದೇ. ಹಾಸಿನಲ್ಲಿ ಎಳೆ ಕಡಿದಾಗ ನೇಯುವವರು ಕಂಡ ಕೂಡಲೇ ನಿಲ್ಲಿಸಿ ಕಟ್ಟುತ್ತಾರೆ. ಕಾಣದೆ ನೇಯ್ದಷ್ಟು ದೂರ ಬಟ್ಟೆಯಲ್ಲಿ ಎಳೆ ಇರುವುದಿಲ್ಲ. ನಿಮ್ಮ ಗೇಣುದ್ದದ ದೋಷ ಹಾಗೇ ಆಗಿರಬೇಕು. ಆ ಗಂಟು ಎಲ್ಲಿದೆ ನೋಡಿ ಅಕ್ಕ. ಎಳೆ ತಪ್ಪಿದ ಜಾಗದ ತುದಿಯಲ್ಲೇ ಇದ್ದರೆ, ಅದು ಕಡಿದ ಎಳೆಯನ್ನು ಮತ್ತೆ ಕಟ್ಟಿದ ಗಂಟು. ಆಗ ಎರಡು ದೋಷ ಅಲ್ಲ, ಒಂದೇ ದೋಷ.

ದಪ್ಪ ಗೆರೆ ಅಂದಿರಿ. ಒಂದೇ ಸಂದಿನಲ್ಲಿ ಹೊಕ್ಕು ಎರಡು ಸಲ ಬಿದ್ದಿರಬಹುದು. ಇಲ್ಲವೇ ನೂಲೇ ಅಲ್ಲಿ ದಪ್ಪ ಇರಬಹುದು. ಸೂಜಿಯ ತುದಿಯಲ್ಲಿ ಬಿಡಿಸಿ ನೋಡಿದರೆ ಗೊತ್ತಾಗುತ್ತದೆ. ಎರಡು ಎಳೆ ಜೊತೆಗೆ ಬಿದ್ದಿದ್ದರೆ ಒಂದನ್ನು ಎಳೆದು ತೆಗೆಯಬಹುದು, ಏನೂ ಆಗುವುದಿಲ್ಲ.

ಕೆಂಪುದಾರ

ಹಾಸುಹೊಕ್ಕು ಅವರೇ, ಸರಿಯಾಗಿ ಹೇಳಿದಿರಿ! ಗಂಟು ಬಿಳಿ ಗೆರೆಯ ದೋಷದ ತುದಿಯಲ್ಲೇ ಇದೆ. ಅಡ್ಡ ಗೆರೆಯಲ್ಲಿ ಎರಡು ಎಳೆ ಜೊತೆ ಇದ್ದ ಹಾಗೆ ಕಾಣುತ್ತದೆ, ಎರಡೂ ಹಸಿರು.

ನೆರಿಗೆಮನೆ ಅವರೇ, ಯಾವ ನೆರಿಗೆಯೊಳಗೆ ಹೋಗುತ್ತದೆ ಅಂತ ಹೊಲಿಯುವ ಮೊದಲೇ ಹೇಗೆ ತಿಳಿಯುವುದು? ನಾನು ಸೆಟ್ ಪ್ರಕಾರ ನೆರಿಗೆ ಹಿಡಿಯಬೇಕು ಅಂದುಕೊಂಡಿದ್ದೇನೆ, ಹಿಂದಿನಿಂದಲೂ ಚೌಕಳಿ ಪೂರ್ತಿ ಕಾಣುವ ಹಾಗೆ.

ನೆರಿಗೆಮನೆ

ಹೇಳುತ್ತೇನೆ, ಸ್ವಲ್ಪ ಲೆಕ್ಕ ಇದೆ. ಕಾಗದ ಪೆನ್ಸಿಲ್ ಇಟ್ಟುಕೊಳ್ಳಿ.

ನೆರಿಗೆಯಲ್ಲಿ ಹೊರಗೆ ಕಾಣುವ ಪಟ್ಟಿ ಸುಮಾರು 2 ಸೆಂ.ಮೀ. ಅಂದುಕೊಳ್ಳಿ. ಸೈನ್ಯದ ಕಿಲ್ಟ್‌ಗಳ ಹಾಗೆ ಒಂದೇ ಗೆರೆಯ ಮೇಲೆ ನೆರಿಗೆ ಹಿಡಿದರೆ, ಪ್ರತಿ ನೆರಿಗೆಗೂ ಸರಿಯಾಗಿ ಒಂದು ಸೆಟ್ ಬಟ್ಟೆ ಹೋಗುತ್ತದೆ. ನಿಮ್ಮ ಬಟ್ಟೆಯಲ್ಲಿ 15 ಸೆಂ.ಮೀ. ಪ್ರತಿ ನೆರಿಗೆಯ ಮೇಲೂ ಅದೇ ಗೆರೆ ಕಾಣುತ್ತದೆ. ದೋಷ ಆ ಗೆರೆಯಿಂದ ದೂರ ಇದ್ದರೆ ಯೋಚನೆಯೇ ಇಲ್ಲ, ಅದು ಒಳಗೇ ಇರುತ್ತದೆ. ಆ ಗೆರೆಯ ಮೇಲೇ ಇದ್ದರೆ, ನೆರಿಗೆಗಳಲ್ಲಿ ಎಷ್ಟು ಸೆಟ್ ಆಚೀಚೆ ಸರಿಸಿದರೂ ಹೊರಗೇ ಕಾಣುತ್ತದೆ. ಬೇರೆ ಗೆರೆ ಆರಿಸಬೇಕು, ಇಲ್ಲವೇ ದೋಷವನ್ನು ಅಡಿ ಏಪ್ರನ್ನಿಗೆ ತಳ್ಳಬೇಕು. ಏಪ್ರನ್ ಅಂದರೆ ಮುಂದೆ ಒಂದರ ಮೇಲೊಂದು ಬರುವ, ನೆರಿಗೆ ಇಲ್ಲದ ಎರಡು ಭಾಗ; ಒಳಗಿನದು ಅಡಿ ಏಪ್ರನ್.

ಸೆಟ್ ಪ್ರಕಾರ ಹಿಡಿದರೆ ಹಾಗಲ್ಲ. ಹೊರಗಿನ ಪಟ್ಟಿಗಳು ಒಂದರ ಪಕ್ಕ ಒಂದು ಸೇರಿ ಚೌಕಳಿ ಮತ್ತೆ ಮೂಡಬೇಕು. ಹಾಗಾಗಿ ಪ್ರತಿ ನೆರಿಗೆಗೆ ಒಂದು ಸೆಟ್ ಮತ್ತು ಕಾಣುವ ಪಟ್ಟಿಯಷ್ಟು ಬಟ್ಟೆ ಬೇಕು. ಅಂದರೆ 17 ಸೆಂ.ಮೀ. ಅದರಲ್ಲಿ 15 ಒಳಗೆ, 2 ಹೊರಗೆ. ಮೊದಲ ನೆರಿಗೆ ಎಲ್ಲಿ ಶುರು ಅಂತ ಗುರುತು ಹಾಕಿ. ಅಲ್ಲಿಂದ 17, 34, 51 ಹೀಗೆ ಅಳೆಯುತ್ತಾ ಹೋಗಿ. ದೋಷ ಎಲ್ಲಿದೆ ನೋಡಿ. ಕಾಣುವ 2 ಸೆಂ.ಮೀ. ಒಳಗೆ ಬಿದ್ದರೆ ಶುರುವಿನ ಜಾಗವನ್ನೇ ಸರಿಸಬೇಕು. ಆದರೆ ಮನಸ್ಸಿಗೆ ಬಂದಷ್ಟು ಸರಿಸುವ ಹಾಗಿಲ್ಲ. ಮುಂದಿನ ಏಪ್ರನ್ನಿನ ನಡುವೆ ಮುಖ್ಯ ಗೆರೆ ಕೂರಲೇಬೇಕು, ಆದ್ದರಿಂದ ಇಡೀ ಸೆಟ್ ಲೆಕ್ಕದಲ್ಲೇ ಸರಿಸಬೇಕು. ಒಂದು ಸೆಟ್ ಸರಿಸಿದರೆ ದೋಷ 2 ಸೆಂ.ಮೀ. ಮಾತ್ರ ಒಳಗೆ ಹೋಗುತ್ತದೆ, ಮಡಿಕೆಯ ಅಂಚಿನ ಹತ್ತಿರವೇ ನಿಲ್ಲಬಹುದು. ಎರಡು ಸೆಟ್ ಸರಿಸಿ. ಆಗ ನಿಶ್ಚಿಂತೆ. ಅಷ್ಟು ಉಳಿಕೆ ಬಟ್ಟೆ ಇದೆಯಾ ಅನ್ನುವುದು ಪ್ರಶ್ನೆ. ಅದಕ್ಕೇ ನಾನು ಯಾರಿಗೇ ಆದರೂ ಅರ್ಧ ಮೀಟರ್ ಜಾಸ್ತಿ ತರಿಸಿ ಅನ್ನುವುದು.

ಇನ್ನೊಂದು ಬಹಳ ಮುಖ್ಯ. ನಿಮ್ಮದು ಡಬಲ್ ಪನ್ನ. ಉದ್ದಕ್ಕೆ ನಡುವೆ ಹರಿದು ಎರಡು ತುಂಡು ಮಾಡಿ, ಜೋಡಿಸಿ 8 ಗಜ ಮಾಡುತ್ತೀರಿ. ಎರಡರಲ್ಲೂ ನೇಯ್ಗೆಯ ಅಂಚು ಕೆಳಗೆ ಬರಬೇಕು ಅಂದರೆ ಒಂದು ತುಂಡನ್ನು ಅರ್ಧ ಸುತ್ತು ತಿರುಗಿಸಬೇಕು. ಹಾಗೆ ತಿರುಗಿಸಿದರೆ ಟ್ವಿಲ್ ನೇಯ್ಗೆಯ ಓರೆ ಗೆರೆ ಬದಲಾಗುವುದಿಲ್ಲ, ಆ ಚಿಂತೆ ಬೇಡ. ಆದರೆ ದೋಷದ ಜಾಗ ಬದಲಾಗುತ್ತದೆ! ನಿಮ್ಮ ಅಡ್ಡ ಗೆರೆ ಅಂಚಿನಿಂದ ಅಂಚಿಗೆ ಇದೆ, ಎರಡೂ ತುಂಡಿನಲ್ಲಿ ಬರುತ್ತದೆ. ಒಂದರಲ್ಲಿ ಎಡತುದಿಯಿಂದ ಒಂದು ಮೀಟರ್ ದೂರ ಇದ್ದರೆ, ತಿರುಗಿಸಿದ ತುಂಡಿನಲ್ಲಿ ಬಲತುದಿಯಿಂದ ಒಂದು ಮೀಟರ್. ನಕ್ಷೆ ಬರೆಯುವಾಗ ಇದನ್ನು ಎರಡು ಕಡೆಯೂ ಗುರುತಿಸಿ.

ಬಾಬಿನ್

ನೆರಿಗೆಮನೆ ಅವರ ಲೆಕ್ಕ ಓದಿ ಖುಷಿಯಾಯಿತು. ಒಂದು ಸಂದೇಹ. ಸೆಟ್ ಕನ್ನಡಿಯಲ್ಲಿ ಕಂಡ ಹಾಗೆ ಎರಡೂ ಕಡೆ ಸಮ ಇಲ್ಲದ ಟಾರ್ಟನ್‌ಗಳೂ ಇವೆಯಲ್ಲ? ಅವುಗಳಲ್ಲಿ ಒಂದು ತುಂಡು ತಿರುಗಿಸಿದರೆ ಗೆರೆಗಳ ಸಾಲೇ ಉಲ್ಟಾ ಆಗುವುದಿಲ್ವಾ?

ನೆರಿಗೆಮನೆ

ಆಗುತ್ತದೆ ಸರ್. ಅಂಥ ಬಟ್ಟೆಯನ್ನು ಸಿಂಗಲ್ ಪನ್ನದಲ್ಲೇ 8 ಗಜ ತರಿಸುವುದು ಒಳ್ಳೆಯದು. ಕೆಂಪುದಾರ ಅವರದ್ದು ಸಮ ಇರುವ ಸೆಟ್, ತೊಂದರೆ ಇಲ್ಲ. ಆದರೂ ಅವರು ಹರಿಯುವ ಮೊದಲು ಎರಡೂ ಅಂಚುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅಂಚಿನಿಂದ ಮೊದಲ ಬಿಳಿ ಗೆರೆಗೆ ಎರಡೂ ಕಡೆ ಅಷ್ಟೇ ದೂರ ಇದೆಯಾ? ಇಲ್ಲದಿದ್ದರೆ ಜೋಡಿಸಿದ ಮೇಲೆ ಅಡ್ಡ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ. ಅಂಚೇ ಕೆಳತುದಿ ಆದ್ದರಿಂದ ಕತ್ತರಿಸಿ ಸರಿ ಮಾಡಲೂ ಆಗುವುದಿಲ್ಲ. ನನ್ನ ಪ್ರಕಾರ ತಪ್ಪಿದ ಎಳೆಗಿಂತ ಅದು ದೊಡ್ಡ ದೋಷ. ಹಾಗಿದ್ದರೆ ನಾನೂ ವಾಪಸ್ ಕಳಿಸಿ ಅಂತಲೇ ಹೇಳುತ್ತೇನೆ. ಹೊಕ್ಕು ಓರೆಯಾಗಿ ಎಳೆದುಕೊಂಡಿದ್ದರೂ ಅಷ್ಟೇ. ಸ್ವಲ್ಪ ಓರೆಯಾದರೆ ಹಬೆ ಕೊಟ್ಟು ಎಳೆದು ಸರಿ ಮಾಡಬಹುದು. ಜಾಸ್ತಿ ಇದ್ದರೆ ಉದ್ದ ಗೆರೆಗಳೆಲ್ಲ ವಾಲುತ್ತವೆ, ಅದನ್ನು ಯಾವ ನೆರಿಗೆಯೂ ಮುಚ್ಚುವುದಿಲ್ಲ.

ಬಾರ್ಡರ್ಸ್‌ವಾಸಿ

ತಡವಾಗಿ ಸೇರುತ್ತಿದ್ದೇನೆ. ನಾನು ಸ್ಕಾಟ್ಲೆಂಡಿನ ಬಾರ್ಡರ್ಸ್ ಕಡೆಯ ಗಾಲಾಶೀಲ್ಸ್‌ನಲ್ಲಿ, ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ಜವಳಿ ಶಾಲೆಯಲ್ಲಿ ಓದಿದವಳು. ಮೈಸೂರುಸೂಜಿ ಅವರು ಹೊಸ ಬಟ್ಟೆಗೆ ರಫೂ ಯಾಕೆ ಅಂದರು. ಅದಕ್ಕೆ ಒಂದು ಮಾತು ಹೇಳಲೇಬೇಕು.

ಉಣ್ಣೆಯ ಒಳ್ಳೆಯ ಬಟ್ಟೆ ರಫೂ ಇಲ್ಲದೆ ಮಿಲ್ಲಿನಿಂದ ಹೊರಗೆ ಬರುವುದೇ ಅಪರೂಪ. ಮಗ್ಗದಿಂದ ಇಳಿದ ಬಟ್ಟೆಯನ್ನು ಬೆಳಕಿಗೆ ಎದುರಾಗಿ ರೋಲರ್ ಮೇಲೆ ಎಳೆದು ಇಂಚಿಂಚೂ ನೋಡುತ್ತಾರೆ. ಆಮೇಲೆ ರಫೂ ಮಾಡುವವರ ಮೇಜಿಗೆ ಹೋಗುತ್ತದೆ. ಅಲ್ಲಿ ಹೆಚ್ಚಾಗಿ ಹೆಂಗಸರೇ. ಗಂಟುಗಳನ್ನು ಮೇಲೆತ್ತಿ ಬಿಡಿಸುತ್ತಾರೆ, ತಪ್ಪಿದ ಎಳೆಗಳನ್ನು ಸೂಜಿಯಲ್ಲಿ ನೇಯ್ದು ತುಂಬುತ್ತಾರೆ. ಸೆಲ್ಕರ್ಕ್, ಗಾಲಾಶೀಲ್ಸ್ ಕಡೆಯ ಮಿಲ್ಲುಗಳಲ್ಲಿ ಇದು ಕಲಿಯಲು ವರ್ಷಗಳು ಬೇಕಾದ ಕಸುಬು. ಅವರ ಕೆಲಸ ನಿಮ್ಮ ಬಟ್ಟೆಯಲ್ಲೂ ಇದೆ, ನಿಮಗೆ ಕಾಣುವುದಿಲ್ಲ ಅಷ್ಟೇ. ಅವರ ಕಣ್ಣು ತಪ್ಪಿಸಿಕೊಂಡ ಒಂದೆರಡು ಮಾತ್ರ ನಮ್ಮ ಕೈಗೆ ಬರುತ್ತವೆ.

ಇನ್ನೊಂದು, ಬಟ್ಟೆಯ ಅಂಚಿನಲ್ಲಿ ಬೇರೆ ಬಣ್ಣದ ಚಿಕ್ಕ ದಾರ ಕಟ್ಟಿದ್ದಾರಾ ನೋಡಿ. ಸರಿಮಾಡಲು ಆಗದ ದೋಷ ಇದ್ದ ಕಡೆ ಹಾಗೆ ದಾರ ಕಟ್ಟಿ, ಅದಕ್ಕೆ ಬದಲು ಸ್ವಲ್ಪ ಬಟ್ಟೆ ಜಾಸ್ತಿ ಕೊಡುವುದು ಉಣ್ಣೆ ವ್ಯಾಪಾರದ ಹಳೆಯ ಪದ್ಧತಿ. ದಾರ ಇದ್ದರೆ ಅದನ್ನು ಕೀಳಬೇಡಿ. ನಿಮ್ಮ ನಕ್ಷೆಗೆ ಅದೇ ಗುರುತು.

ಮೇಜಿನ ಮೇಲೆ ನೋಡಿದ್ದು ಸಾಲದು. ಹಗಲು ಹೊತ್ತು ಕಿಟಕಿಗೆ ಅಡ್ಡಲಾಗಿ ತೂಗುಹಾಕಿ, ಬೆಳಕು ಹಿಂದಿನಿಂದ ಬರಲಿ. ಎರಡೂ ಮಗ್ಗುಲು ನೋಡಿ. ಕಡು ಬಣ್ಣದಲ್ಲಿ ತಪ್ಪಿದ ಎಳೆ ಎದುರು ಬೆಳಕಿನಲ್ಲಿ ಕಾಣುವುದೇ ಇಲ್ಲ, ಹಿಂದಿನ ಬೆಳಕಿನಲ್ಲಿ ತಟ್ಟನೆ ಕಾಣುತ್ತದೆ. ಆಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿ. ಗಂಟು ಕೈಗೇ ಮೊದಲು ಸಿಗುವುದು. ಗುರುತಿಗೆ ಚಾಕ್ ಬೇಡ, ಉಣ್ಣೆಯ ಮೇಲೆ ಉದುರಿಹೋಗುತ್ತದೆ. ಬಿಳಿ ಹತ್ತಿ ದಾರದಲ್ಲಿ ಒಂದು ಸಡಿಲ ಹೊಲಿಗೆ ಹಾಕಿ.

ಮೈಸೂರುಸೂಜಿ

ಮಿಲ್ಲಿನ ವಿಷಯ ತಿಳಿದಿರಲಿಲ್ಲ, ಧನ್ಯವಾದ ಮೇಡಂ. ಆದರೂ ನನ್ನ ಮಾತು ಪೂರ್ತಿ ಬಿಡುವುದಿಲ್ಲ. ಮಿಲ್ಲಿನವರ ಕಣ್ಣು ತಪ್ಪಿದ್ದಕ್ಕೆ ಕೊಂಡವರು ದಂಡ ತೆರಬಾರದು. ಕನಿಷ್ಠ ಜಾಸ್ತಿ ಬಟ್ಟೆಯನ್ನಾದರೂ ಕೇಳಲಿ.

ಒಂದು ಪ್ರಶ್ನೆ. ಆ ಬಿಳಿ ಗೆರೆಯಲ್ಲಿ ನಿಜವಾಗಿ ಎಷ್ಟು ಎಳೆ ಇರಬೇಕು ಅಂತ ಸ್ಕಾಟ್ಲೆಂಡಿನ ಟಾರ್ಟನ್ ನೋಂದಣಿಯಲ್ಲಿ ನೋಡಬಹುದಲ್ವಾ? 2008ರ ಕಾಯ್ದೆಯಲ್ಲಿ ಶುರುವಾಗಿದ್ದು, ಎಳೆಗಳ ಲೆಕ್ಕ ಅಲ್ಲಿ ಸಿಗುತ್ತದೆ.

ಬಾರ್ಡರ್ಸ್‌ವಾಸಿ

ನೋಡಬಹುದು, ಆದರೆ ಅದನ್ನೇ ನಂಬಿ ದೋಷ ಅನ್ನಬೇಡಿ. ಅಲ್ಲಿರುವುದು ಅನುಪಾತ. ಬಟ್ಟೆಯ ತೂಕಕ್ಕೆ, ಬೇಕಾದ ಸೆಟ್ ಅಳತೆಗೆ ತಕ್ಕ ಹಾಗೆ ಮಿಲ್ಲಿನವರು ಎಳೆಗಳನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ಅದೇ ಬಟ್ಟೆಯ ಪಕ್ಕದ ಸೆಟ್‌ನಲ್ಲಿ ಎಣಿಸಿ. ಅಲ್ಲಿ 4 ಇದ್ದು ಇಲ್ಲಿ 3 ಇದ್ದರೆ ದೋಷ. ಎಲ್ಲ ಕಡೆ 3 ಇದ್ದರೆ ಅದು ಆ ಬಟ್ಟೆಯ ಲೆಕ್ಕ.

ಕೆಂಪುದಾರ

ಎಣಿಸಿದೆ. ಬೇರೆ ಕಡೆ 4, ಇಲ್ಲಿ 3. ಅಂಚುಗಳು ಎರಡೂ ಕಡೆ ಸರಿಯಾಗಿ ಕೂಡುತ್ತವೆ, ದೊಡ್ಡ ಭಾರ ಇಳಿಯಿತು. ಕಿಟಕಿಗೆ ಹಾಕಿ ನೋಡಿದಾಗ ಹಸಿರಿನಲ್ಲಿ ಇನ್ನೊಂದು ಚಿಕ್ಕ ದೋಷ ಸಿಕ್ಕಿತು. ಬೆರಳಿನಷ್ಟು ಉದ್ದ ಒಂದು ಹಾಸಿನ ಎಳೆ ನೇಯ್ಗೆಗೆ ಸಿಗದೆ ಮೇಲೆ ತೇಲಿದೆ. ಅದು ನಡುವಿನ ಕಡೆ, ಅಂದರೆ ಹರಿಯುವ ಜಾಗದ ಹತ್ತಿರ.

ಕೊಟ್ಟವರು ಉತ್ತರ ಬರೆದಿದ್ದಾರೆ. ಬೇರೆ ನೇಯಿಸಿ ಕೊಡಬಹುದು, ಆದರೆ ಮದುವೆಗೆ ಬರುವ ಖಾತ್ರಿ ಇಲ್ಲವಂತೆ. ಅಥವಾ ಇದೇ ಬಣ್ಣದ ಪಾಕದ (ಒಟ್ಟಿಗೆ ಬಣ್ಣ ಹಾಕಿದ ನೂಲಿನ) ಬಟ್ಟೆ ಅರ್ಧ ಮೀಟರ್ ಸುಮ್ನೆ ಕಳಿಸಿಕೊಡುತ್ತಾರಂತೆ. ನಾನು ಎರಡನೆಯದಕ್ಕೆ ಒಪ್ಪಬೇಕು ಅಂತಿದ್ದೇನೆ.

ನೆರಿಗೆಮನೆ

ಒಪ್ಪಿಕೊಳ್ಳಿ. ಒಳ್ಳೆಯ ಉತ್ತರ ಅದು. ಆದರೆ ಅದು ಬಂದು, ಹಗಲು ಬೆಳಕಿನಲ್ಲಿ ಬಣ್ಣ ಹೊಂದಿಸಿ ನೋಡುವವರೆಗೂ ಹರಿಯಬೇಡಿ.

ನಡುವಿನ ದೋಷವನ್ನು ಮರೆತುಬಿಡಿ. ಡಬಲ್ ಪನ್ನದ ಅರ್ಧ ಸುಮಾರು 75 ಸೆಂ.ಮೀ. ಕಿಲ್ಟಿನ ಉದ್ದ 61 ಅಂದರೂ ಮೇಲೆ ಹನ್ನೆರಡು ಹದಿನಾಲ್ಕು ಸೆಂ.ಮೀ. ಹೆಚ್ಚಿಗೆ ಉಳಿಯುತ್ತದೆ, ಅದನ್ನು ತೆಗೆಯುತ್ತೀರಿ. ಅದರ ಕೆಳಗಿನ ಭಾಗವೂ ಬೆಲ್ಟ್ ಅಡಿಯಲ್ಲಿ ಹೋಗುತ್ತದೆ. ಆ ಉಳಿಕೆಯನ್ನು ಬಿಸಾಡಬೇಡಿ. ರಫೂಗೆ ಬೇಕಾದ ಬಿಳಿ ಎಳೆ ಅದರಲ್ಲೇ ಸಿಗುತ್ತದೆ, ಅದೇ ಬಣ್ಣ, ಅದೇ ನೂಲು.

ಅಂಚಿನ ಹತ್ತಿರದ ತೂತಿಗೆ ಎರಡೂ ಬೇಕು. ರಫೂನೂ ಬೇಕು, ಮುಚ್ಚುವುದೂ ಬೇಕು. ಯಾಕೆಂದರೆ ನೆರಿಗೆಗಳನ್ನು ಸೀಟಿನವರೆಗೆ (ಪೃಷ್ಠದವರೆಗೆ) ಮಾತ್ರ ಹೊಲಿಯುತ್ತೇವೆ. ಅಲ್ಲಿಂದ ಕೆಳಗೆ ಅವು ಬಿಡಿ. ಹುಡುಗ ಕುಣಿದಾಗ ತೆರೆದುಕೊಳ್ಳುತ್ತವೆ, ಒಳಗಿನದೂ ಕಾಣುತ್ತದೆ. ಅಂಚಿನ ಹತ್ತಿರ ಉಜ್ಜಾಟವೂ ಜಾಸ್ತಿ, ಹಾಗೇ ಬಿಟ್ಟರೆ ತೂತು ದೊಡ್ಡದಾಗುತ್ತದೆ. ಗಂಡಸರ ಕಿಲ್ಟಿನಲ್ಲಿ ಮೇಲಿನ ಏಪ್ರನ್ ಎಡದಿಂದ ಬಂದು ಬಲಗಡೆ ಮುಗಿಯುತ್ತದೆ, ಅದರಡಿಯಲ್ಲಿ ಅಡಿ ಏಪ್ರನ್ ಪೂರ್ತಿ ಮುಚ್ಚಿರುತ್ತದೆ. ಆ ತೂತು ಅಡಿ ಏಪ್ರನ್ನಿಗೆ ಬರುವ ಹಾಗೆ ಯಾವ ತುದಿಯಿಂದ ಶುರುಮಾಡಬೇಕು ಅಂತ ನೋಡಿ. ಆಗದಿದ್ದರೆ ಮಡಿಕೆಯ ಆಳಕ್ಕೆ ಕಳಿಸಿ.

ಎರಡು ತುಂಡು ಸೇರುವ ಜೋಡಣೆಯೂ ಮಡಿಕೆಯ ಆಳದಲ್ಲೇ ಬರುತ್ತದೆ ಅಲ್ವಾ. ದೋಷ ರಫೂಗೂ ಬಗ್ಗದಷ್ಟು ಕೆಟ್ಟದಾಗಿದ್ದರೆ ಅದನ್ನು ಕತ್ತರಿಸಿ ತೆಗೆದು, ಸೆಟ್ ಹೊಂದಿಸಿ ಅಲ್ಲಿ ಇನ್ನೊಂದು ಜೋಡಣೆ ಹಾಕಬಹುದು. ಒಂದು ಪೂರ್ತಿ ಸೆಟ್ ಮತ್ತು ಹೊಲಿಗೆಗೆ ಬೇಕಾದಷ್ಟು ಬಟ್ಟೆ ಕಳೆದುಕೊಳ್ಳುತ್ತೀರಿ. ನಿಮಗೆ ಅದು ಬೇಕಾಗದು.

ಬಾಬಿನ್

ಬೆಂಗಳೂರಿನಲ್ಲಿ ಕೋಟುಗಳಿಗೆ ರಫೂ ಮಾಡುವವರು ದಾರದ ತುದಿಗೆ ಗಂಟು ಹಾಕುವುದೇ ಇಲ್ಲ. ಕಾಶ್ಮೀರದ ಶಾಲುಗಳಿಗೆ ರಫೂ ಮಾಡುವ ನಜೀಬಾಬಾದಿನ ಕುಶಲಿಗರ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಮುಗಿದ ಮೇಲೆ ಅವರೇ ತೋರಿಸದಿದ್ದರೆ ಎಲ್ಲಿ ಮಾಡಿದ್ದಾರೆ ಅಂತ ಹೇಳುವುದು ಕಷ್ಟ. ಟಾರ್ಟನ್‌ಗೂ ಅದೇ ರೀತಿನಾ?

ಬಾರ್ಡರ್ಸ್‌ವಾಸಿ

ಮೂಲ ಒಂದೇ. ಟಾರ್ಟನ್ ಎರಡರ ಮೇಲೆ ಎರಡರ ಟ್ವಿಲ್. ಸೂಜಿ ಎರಡು ಎಳೆಯ ಮೇಲೆ, ಎರಡರ ಕೆಳಗೆ ಹೋಗಬೇಕು. ಪಕ್ಕದ ಎಳೆಗೆ ಹೋದಾಗ ಒಂದು ಹೆಜ್ಜೆ ಸರಿಯಬೇಕು. ಮೊಂಡು ತುದಿಯ ಸೂಜಿ ಬೇಕು, ಚೂಪಾದದ್ದು ಎಳೆಗಳನ್ನು ಸೀಳುತ್ತದೆ.

ಕೆಂಪುದಾರ ಅವರೇ, ಮೊದಲು ಆ ಗಂಟನ್ನು ಸೂಜಿಯಲ್ಲಿ ನಿಧಾನ ಬಿಡಿಸಿ. ಕತ್ತರಿಯಿಂದ ಗಂಟನ್ನೇ ಕತ್ತರಿಸಿದರೆ ಅಲ್ಲಿ ತೂತಾಗುತ್ತದೆ. ಎಳೆ ತಪ್ಪಿದ ಜಾಗಕ್ಕಿಂತ ಎರಡು ಮೂರು ಸೆಂ.ಮೀ. ಹಿಂದೆಯೇ, ಇರುವ ಬಿಳಿ ಎಳೆಯ ಜೊತೆಜೊತೆಗೆ ಶುರುಮಾಡಿ. ಆ ಕಡೆಯೂ ಅಷ್ಟೇ ಮುಂದೆ ಹೋಗಿ. ಜಗ್ಗಬೇಡಿ. ಬಿಗಿಯಾದರೆ ಗೆರೆ ಸುಕ್ಕಾಗುತ್ತದೆ, ಹಬೆ ಕೊಟ್ಟಾಗ ಇನ್ನೂ ಎದ್ದು ಕಾಣುತ್ತದೆ. ಉಳಿಕೆ ತುಂಡಿನ ಮೇಲೆ ಒಂದು ಎಳೆ ಕಿತ್ತು ಮೊದಲು ಅಭ್ಯಾಸ ಮಾಡಿ.

ಅಡ್ಡ ಗೆರೆಯ ಜೋಡಿ ಎಳೆ ತೆಗೆಯಬೇಕಿದ್ದರೆ ಹರಿದ ಮೇಲೆ ತೆಗೆಯಿರಿ. ಪನ್ನ ಅರ್ಧ ಆಗಿರುತ್ತದೆ, ಎಳೆಯುವುದು ಸುಲಭ. ಅಂಚಿನ ಹತ್ತಿರ ಎಳೆ ತಿರುಗಿ ಒಳಗೆ ಹೋಗಿರಬಹುದು, ಅಲ್ಲಿ ಎಳೆಯದೆ ಸ್ವಲ್ಪ ಹಿಂದೆಯೇ ಕತ್ತರಿಸಿ ಬಿಡಿ. ನೆರಿಗೆಯೊಳಗೆ ಅಡಗುವುದಾದರೆ ತೆಗೆಯದೆ ಇದ್ದರೂ ನಷ್ಟವಿಲ್ಲ.

ಕೆಂಪುದಾರ

ಎಲ್ಲ ಬರೆದಿಟ್ಟುಕೊಂಡೆ. ನಕ್ಷೆಯೂ ಆಯಿತು. ಅಡ್ಡ ಗೆರೆ ಒಂದು ತುಂಡಿನಲ್ಲಿ ಮಡಿಕೆಯ ಒಳಗೆ ಚೆನ್ನಾಗಿ ಬೀಳುತ್ತದೆ. ತಿರುಗಿಸಿದ ತುಂಡಿನಲ್ಲಿ ಹೊರಗಿನ ಪಟ್ಟಿಗೇ ಬರುತ್ತಿತ್ತು, ಶುರುವಿನ ಜಾಗ ಎರಡು ಸೆಟ್ ಸರಿಸಿದ ಮೇಲೆ ಅದೂ ಒಳಗೆ ಹೋಯಿತು. ಮೊದಲ ತುಂಡಿಗೂ ತೊಂದರೆ ಆಗಲಿಲ್ಲ. ತೂತು ಅಡಿ ಏಪ್ರನ್ನಿಗೆ ಬರುತ್ತದೆ.

ಕೊನೆಯದೊಂದು: ರಫೂ ಮಾಡಿದ ಎಳೆಯ ತುದಿಗಳನ್ನು ಯಾವಾಗ ಕತ್ತರಿಸಬೇಕು?

ಬಾರ್ಡರ್ಸ್‌ವಾಸಿ

ಹಿಂಬದಿಗೆ ಅರ್ಧ ಬೆರಳಿನಷ್ಟು ಬಿಟ್ಟಿರಿ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ ಎತ್ತಿ, ಉಜ್ಜಬೇಡಿ. ಪೂರ್ತಿ ಆರಲಿ. ಉಣ್ಣೆ ಆಗ ತನ್ನ ಜಾಗಕ್ಕೆ ಕೂರುತ್ತದೆ, ಎಳೆ ಎಷ್ಟು ಒಳಗೆ ಸರಿಯಬೇಕೋ ಅಷ್ಟು ಸರಿಯುತ್ತದೆ. ಆಮೇಲೆ ಕತ್ತರಿಸಿ. ಆಗಲೂ ಬಟ್ಟೆಯ ಮಟ್ಟಕ್ಕೆ ಬೇಡ, ಒಂದೆರಡು ಮಿಲಿಮೀಟರ್ ಇರಲಿ.